ಹಾಳೆಯ ಹಿಂಬದಿ

ಇಪ್ಪತ್ತಮೂರನೆಯ ನವಿಲಿಗೆ ಜುಟ್ಟು ಬರೆಯಲು ರಂಜನಿ ಪೆನ್ಸಿಲ್ ಇಟ್ಟಿದ್ದಳಷ್ಟೆ, ಮೇಜಿನ ಮೇಲೆ ಯಾರೋ ಒಂದು ಕಟ್ಟನ್ನು ತಂದಿಟ್ಟರು. ಹಳೇ ಪೇಪರಿನಲ್ಲಿ ಸುತ್ತಿ ಗೋಣಿದಾರ ಬಿಗಿದ ಚಪ್ಪಟೆ ಕಟ್ಟು. ತಲೆಯೆತ್ತಿ ನೋಡಿದರೆ ಒಂಬತ್ತನೇ ತರಗತಿಯ ಶಿರೀಷಾ ನಿಂತಿದ್ದಳು.

ಶನಿವಾರವಾದ್ದರಿಂದ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತ್ತು. ಹೊರಗೆ ಹಳ್ಳಿಗಳ ಕಡೆ ಹೊರಡುವ ಬಸ್ಸುಗಳು ಒಂದರ ಹಿಂದೊಂದು ಹಾರನ್ ಹೊಡೆಯುತ್ತಿದ್ದವು.

"ಏನಮ್ಮ ಇದು? ನಿನ್ನ ಬಸ್ಸು ಹೊರಡುತ್ತಲ್ಲ."

"ಸರ್ಕಾರಿ ಬಸ್ಸಲ್ಲಿ ಹೋಗ್ತೀನಿ ಮಿಸ್. ಇದು ನಿಮ್ದು. ಕೊಟ್ಟು ಹೋಗಣ ಅಂತ ಬಂದೆ."

ರಂಜನಿ ದಾರ ಬಿಚ್ಚಿದಳು. ಗಾಜು ಹಾಕಿಸಿದ, ಚಿನ್ನದ ಬಣ್ಣದ ಅಂಚಿನ ಚೌಕಟ್ಟು. ಒಳಗೆ ಗರಿ ಬಿಚ್ಚಿ ನಿಂತ ನವಿಲು. ಕೆಳಗೆ ದುಂಡಗಿನ ಅಕ್ಷರದಲ್ಲಿ 'ಶಿರೀಷಾ ವಿ., ಎರಡನೇ ತರಗತಿ, ಪ್ರಥಮ ಬಹುಮಾನ' ಎಂದಿತ್ತು. ಆ ಅಕ್ಷರವೂ ರಂಜನಿಯದೇ. ಏಳು ವರ್ಷ ಗೋಡೆಯ ಮೇಲಿದ್ದು ನೀಲಿ ಬಣ್ಣ ಸ್ವಲ್ಪ ಮಾಸಿತ್ತು, ಅಷ್ಟೆ. ಈಗ ಮೇಜಿನ ಮೇಲೆ ಬಿದ್ದಿದ್ದ ಇಪ್ಪತ್ತೆರಡಕ್ಕೂ ಅದಕ್ಕೂ ಒಂದು ಗೆರೆಯ ವ್ಯತ್ಯಾಸವಿರಲಿಲ್ಲ.

ಹಿಂದಿನ ದಿನ ಕೊನೆಯ ಪೀರಿಯಡ್ಡಿನಲ್ಲಿ ರಂಜನಿ ಇದೇ ಹುಡುಗಿಯ ಖಾಲಿ ಹಾಳೆಯನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದ್ದಳು. 'ಎರಡನೇ ಕ್ಲಾಸಲ್ಲಿ ಫಸ್ಟ್ ಪ್ರೈಜ್ ತಗೊಂಡವಳು ನೀನು. ಈಗ ಕೈಗೇನು ಧಾಡಿ ಬಂದಿದೆ?' ಎಂದು ಕೇಳಿದ್ದಳು.

"ಇದಕ್ಕೆ ಬಣ್ಣ ಹಾಕಿದ್ದು ನೀನೇ ಅಲ್ವೇನಮ್ಮ?" ಎಂದಳು ರಂಜನಿ.

"ಹಾಕಿದ್ದೆ ಮಿಸ್. ಗೆರೆ ದಾಟಿ ಆಚೆ ಹೋಗಿತ್ತು. ನೀವು ಸ್ಕೆಚ್ ಪೆನ್ ಇಸ್ಕೊಂಡು ಎಲ್ಲಾ ತಿದ್ದಿದ್ರಿ."

"ನಂಗೆ ನೆನಪಿಲ್ಲ."

"ನಮ್ಮಪ್ಪ ಮನೇಗೆ ಬಂದೋರಿಗೆಲ್ಲ ತೋರಿಸ್ತಿದ್ರು. ಬಂದೋರು, ಇನ್ನೊಂದು ಬರ್ದು ತೋರ್ಸಮ್ಮ ಅನ್ನೋರು. ನಂಗೆ ಬರ್ತಿರ್ಲಿಲ್ಲ. ಹೊಟ್ಟೆನೋವು ಅಂತ ಒಳಗೆ ಹೋಗಿ ಮಲಕ್ಕೊಳ್ತಿದ್ದೆ. ಆಮೇಲಾಮೇಲೆ ಕೇಳೋದು ಬಿಟ್ರು." ಶಿರೀಷಾ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. "ನೀವು ನಿನ್ನೆ ಎಲ್ರೆದುರಿಗೂ ಕೇಳಿದ್ರಲ್ಲ, ಕೈಗೇನಾಗಿದೆ ಅಂತ. ಅದಕ್ಕೇ ತಂದೆ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ರಂಜನಿಗೆ ಸುಲಭವಾಗುತ್ತಿತ್ತು, ಬೆನ್ನು ಸವರಿ ನಾಲ್ಕು ಮಾತು ಹೇಳಿ ಕಳಿಸಬಹುದಿತ್ತು. ಹುಡುಗಿ ಬಂದಷ್ಟೇ ಸದ್ದಿಲ್ಲದೆ ಹೊರಟುಹೋದಳು. ಇಪ್ಪತ್ತಮೂರನೆಯ ನವಿಲು ಜುಟ್ಟಿಲ್ಲದೆಯೇ ಉಳಿಯಿತು.

ಚಿಂತಾಮಣಿಯ ಆ ಖಾಸಗಿ ಶಾಲೆಯಲ್ಲಿ ಒಂದರಿಂದ ಒಂಬತ್ತರವರೆಗೆ ರಂಜನಿ ಒಬ್ಬಳೇ ಡ್ರಾಯಿಂಗ್ ಮಿಸ್ಸು. ಹನ್ನೊಂದು ವರ್ಷದಿಂದ ಜನವರಿ ಬಂತೆಂದರೆ ಅವಳದು ಒಂದೇ ಕೆಲಸ. ಫೆಬ್ರವರಿಯ ಸ್ಕೂಲ್ ಡೇಗೆ ಮೇಲಿನ ಮಹಡಿಯ ಉದ್ದನೆಯ ಮೊಗಸಾಲೆಯಲ್ಲಿ ಚಿತ್ರಗಳನ್ನು ತೂಗುಹಾಕಬೇಕು. ಒಂದು, ಎರಡನೇ ತರಗತಿಗೆ ನವಿಲು. ಮೂರು, ನಾಲ್ಕಕ್ಕೆ ಆನೆ. ಐದರಿಂದ ಏಳರವರೆಗೆ ಬೆಟ್ಟ, ಹೊಳೆ, ಗುಡಿಸಲು ಇರುವ ದೃಶ್ಯ. ದೊಡ್ಡವರಿಗೆ ವೀಣೆ ಹಿಡಿದ ಹೆಂಗಸು. ಗೆರೆಯೆಲ್ಲ ಅವಳದು, ಬಣ್ಣ ಮಾತ್ರ ಮಕ್ಕಳದು, ಅದನ್ನೂ ಕೊನೆಗೆ ತಿದ್ದುವವಳು ಅವಳೇ. ಬಂದ ಅಪ್ಪ ಅಮ್ಮಂದಿರು ತಮ್ಮ ಮಗುವಿನ ಹೆಸರಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು, ಸೆಕ್ರೆಟರಿ ಮೋಹನ್‌ಬಾಬು ಅತಿಥಿಗಳನ್ನು ಕರೆತಂದು 'ನಮ್ಮ ಮಕ್ಕಳ ಕೈಚಳಕ ನೋಡಿ' ಎನ್ನುವುದು, ಇದೆಲ್ಲ ನಡೆದುಬಂದ ಪದ್ಧತಿ. ಅದರಲ್ಲಿ ತಪ್ಪಿದೆಯೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಹೆಮ್ಮೆಯೇ ಇತ್ತು.

ಭಾನುವಾರವೆಲ್ಲ ಅವಳು ಎಣಿಸಿ ನೋಡಿದಳು. ಹನ್ನೊಂದು ವರ್ಷಕ್ಕೆ ಎಷ್ಟು ನವಿಲು, ಎಷ್ಟು ಮನೆಯ ಗೋಡೆ, ಎಷ್ಟು ಮಕ್ಕಳ ಹೊಟ್ಟೆನೋವು. ಲೆಕ್ಕ ಹತ್ತಲಿಲ್ಲ.

ಸೋಮವಾರ ಒಂದನೇ ತರಗತಿಗೆ ಹೋದಾಗ ಹೊಸ ಹಾಳೆ ಕೇಳಿದರೆ ಆಫೀಸಿನಲ್ಲಿ ಕೊಡುವುದಿಲ್ಲವೆಂದು ಗೊತ್ತಿತ್ತು. ನವಿಲಿನ ಹಾಳೆಗಳನ್ನೇ ಮಗುಚಿ ಹಂಚಿದಳು.

"ನವಿಲು ಕೆಳಗಿರ್ಲಿ. ಈ ಕಡೆ ಬರೀರಿ."

"ಏನು ಬರೀಬೇಕು ಮಿಸ್?"

"ನಿನ್ನೆ ಏನು ನೋಡಿದ್ರೋ ಅದನ್ನ."

ಮಕ್ಕಳು ಒಂದು ಗಳಿಗೆ ಅನುಮಾನದಿಂದ ನೋಡಿದವು. ಆಮೇಲೆ ಕ್ರೆಯಾನ್ ಡಬ್ಬಗಳ ಸದ್ದೆದ್ದಿತು. ಹತ್ತೇ ನಿಮಿಷದಲ್ಲಿ ಅರ್ಧ ಕ್ಲಾಸು 'ಆಯ್ತು ಮಿಸ್' ಎಂದು ಎದ್ದು ಓಡಾಡತೊಡಗಿತ್ತು. ಮೊದಲ ಬೆಂಚಿನ ಅನ್ವಿತಾ ಮಾತ್ರ ನಾಲಿಗೆ ಕಚ್ಚಿಕೊಂಡು ಇನ್ನೂ ಬರೆಯುತ್ತಿದ್ದಳು. ನೇರಳೆ ಬಣ್ಣದಲ್ಲಿ ಒಂದು ದೊಡ್ಡ ಸೊನ್ನೆ. ಸೊನ್ನೆಯಿಂದಲೇ ನೇರವಾಗಿ ಇಳಿದ ಎರಡು ಕಾಲು. ಕಿವಿ ಇರಬೇಕಾದಲ್ಲಿಂದ ಎರಡು ಕೈ, ತುದಿಯಲ್ಲಿ ಕುಂಟೆಯ ಹಲ್ಲಿನಂತೆ ಬೆರಳುಗಳು, ಒಂದರಲ್ಲಿ ಏಳು, ಇನ್ನೊಂದರಲ್ಲಿ ಒಂಬತ್ತು. ದೊಡ್ಡ ಸೊನ್ನೆಯೊಳಗೆ ಇನ್ನೊಂದು ಪುಟ್ಟ ಸೊನ್ನೆ. ಸುತ್ತ ಕೆಂಪು ಚುಕ್ಕೆ.

"ಇದ್ಯಾರು?"

"ನಮ್ ತಾತ. ಮಂಡೀಲಿ ಟೊಮ್ಯಾಟೊ ಬಾಕ್ಸು ಎತ್ತಾಕ್ತಾ ಇದಾರೆ."

"ಹೊಟ್ಟೆ ಒಳಗಿರೋದು?"

"ಅದು ನಾನು. ತಾತ ನನ್ನ ಎತ್ಕೊಂಡಿದಾರೆ."

ಬಾಕ್ಸು ಎತ್ತುವವನು ಮಗುವನ್ನು ಹೇಗೆ ಎತ್ತಿಕೊಂಡ ಎಂದು ಕೇಳಬೇಕೆನ್ನಿಸಿತು. ಅದಕ್ಕಿಂತ ಮೊದಲು ರಂಜನಿಯ ಬಲಗೈ ತನ್ನಷ್ಟಕ್ಕೆ ತಾನೇ ಪೆನ್ಸಿಲ್ಲಿನ ಕಡೆ ಹೋಗಿತ್ತು, ಕೈಗಳನ್ನು ಕಿವಿಯಿಂದ ಕಿತ್ತು ಭುಜಕ್ಕೆ ಇಳಿಸಲು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಪೀರಿಯಡ್ಡು ಮುಗಿಯುವವರೆಗೆ ಹಾಗೇ ನಡೆದಾಡಿದಳು. ಹನ್ನೊಂದು ವರ್ಷದಲ್ಲಿ ಅಷ್ಟು ಕಷ್ಟದ ಕ್ಲಾಸನ್ನು ಅವಳು ತೆಗೆದುಕೊಂಡಿರಲಿಲ್ಲ.

ಐದನೇ ತರಗತಿಯಲ್ಲಿ ಈ ಉಪಾಯ ನಡೆಯಲಿಲ್ಲ. 'ನಿಮ್ಮಿಷ್ಟ ಬಂದದ್ದು ಬರೀರಿ' ಎಂದರೆ ಮೂವತ್ತೆಂಟು ಹಾಳೆಯಲ್ಲೂ ಒಂದೇ ದೃಶ್ಯ ಬಂತು. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನಂಥ ಹೊಳೆ, ದಡದಲ್ಲಿ ಗುಡಿಸಲು. ಅವಳೇ ಕಲಿಸಿದ್ದು, ಚಾಚೂ ತಪ್ಪದೆ ವಾಪಸು ಬಂದಿತ್ತು.

ಮರುವಾರ ಅವರನ್ನು ತಾರಸಿಗೆ ಹತ್ತಿಸಿದಳು. ಎದುರಿಗೆ ಅಂಬಾಜಿದುರ್ಗದ ಬೆಟ್ಟ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು.

"ಎಲ್ಲಿವೆ ಎರಡು ಬೆಟ್ಟ? ಮಧ್ಯ ಸೂರ್ಯ ಎಲ್ಲಿ?"

ಮಕ್ಕಳು ನಕ್ಕರು. ಆಮೇಲೆ ಕೂತು ಬರೆಯತೊಡಗಿದಾಗ ನಗು ನಿಂತಿತು. ಅಚ್ಯುತ್ ಎಂಬ ಹುಡುಗ, ಎಲ್ಲ ಪರೀಕ್ಷೆಯಲ್ಲೂ ಮೊದಲು ಬರುವವನು, ಬರೆಯುವುದು ಅಳಿಸುವುದು ಮಾಡಿ ಮಾಡಿ ಹಾಳೆ ಹರಿದುಬಿಟ್ಟ. ಕಣ್ಣಲ್ಲಿ ನೀರು ತುಂಬಿಕೊಂಡು, "ಬೆಟ್ಟದ ಥರ ಬರ್ತಿಲ್ಲ ಮಿಸ್, ನೀವೇ ಬರ್ದುಕೊಡಿ," ಎಂದ.

ರಂಜನಿಗೆ ಆಗ ಗೊತ್ತಾಯಿತು. ಆರು ವರ್ಷದ ಅನ್ವಿತಾಳಿಗೆ ತಾತ ಎಷ್ಟು ದೊಡ್ಡವನೆಂದರೆ ಅಷ್ಟು ದೊಡ್ಡವನು, ಅಲ್ಲಿಗೆ ಮುಗಿಯಿತು. ಅವಳ ಹತ್ತಿರ ಬಾಯಿ ಮುಚ್ಚಿಕೊಂಡಿರುವುದೇ ಪಾಠ. ಹತ್ತು ವರ್ಷದವನಿಗೆ ಬೆಟ್ಟ ಬೆಟ್ಟದಂತೆಯೇ ಇರಬೇಕು. ಇವನ ಹತ್ತಿರ ಬಾಯಿ ಮುಚ್ಚಿಕೊಂಡರೆ ಅದು ಮೋಸ. ಬರೆದುಕೊಟ್ಟರೂ ಮೋಸ. ಅವಳು ರಟ್ಟಿನ ತುಂಡಿನ ನಡುವೆ ಅಂಗೈಯಗಲದ ಕಿಂಡಿ ಕತ್ತರಿಸಿ ಅವನ ಕೈಗೆ ಕೊಟ್ಟಳು.

"ಇದ್ರೊಳಗಿಂದ ನೋಡು. ಎಷ್ಟು ಕಾಣ್ಸುತ್ತೋ ಅಷ್ಟೇ ಬೆಟ್ಟ. ಮೊದ್ಲು ಬೆಟ್ಟ ನೋಡ್ಬೇಡ, ಬೆಟ್ಟದ ಮೇಲಿರೋ ಆಕಾಶದ ಅಂಚು ನೋಡು. ಎಲ್ಲಿ ಇಳಿಯುತ್ತೆ, ಎಲ್ಲಿ ಏರುತ್ತೆ?"

ಅಚ್ಯುತ್ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. "ಎಡಗಡೆ ಬಂಡೆ ಹತ್ರ ಮುರಿದಂಗಿದೆ," ಎಂದ.

"ಅದನ್ನ ಬರಿ."

ಒಂಬತ್ತನೇ ತರಗತಿ ಇನ್ನೂ ಬೇರೆ. ಅವರಿಗೆ ಬೆಟ್ಟವೂ ಬೇಡ, ತಾತನೂ ಬೇಡ. ಪಕ್ಕದವರು ನೋಡಬಾರದು, ಅಷ್ಟೇ ಬೇಕು. ಹಾಳೆಯ ಮೇಲೆ ಮೊಣಕೈ ಅಡ್ಡ ಇಟ್ಟು ಕೂರುತ್ತಿದ್ದರು. ರಂಜನಿ ಅವರ ಮುಂದೆ ನಿಂತು ಮೊದಲು ಶಿರೀಷಾ ತಂದುಕೊಟ್ಟದ್ದರ ವಿಷಯ ಹೇಳಿದಳು, ಹೆಸರು ಹೇಳದೆ. "ಅದು ನಾನು ಬರ್ದಿದ್ದು. ನಿಮ್ಮಲ್ಲಿ ಇಲ್ಲೇ ಓದಿದ ಎಲ್ರ ಮನೇಲೂ ಇರೋದು ನಾನು ಬರ್ದಿದ್ದೇ. ತಪ್ಪಾಯ್ತು," ಎಂದಳು. ಮೇಷ್ಟರೊಬ್ಬರು ತಪ್ಪಾಯ್ತು ಅಂದದ್ದನ್ನು ಆ ಮಕ್ಕಳು ಕೇಳಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಬೆಂಚು ನೋಡಿಕೊಂಡು ಕೂತರು.

"ನಿಮ್ಮ ಎಡಗೈ ನೋಡ್ಕೊಂಡು ಬರೀರಿ. ಹೆಸರು ಹಾಕ್ಬೇಡಿ. ಮಡಚಿ ಈ ಡಬ್ಬಕ್ಕೆ ಹಾಕಿ. ನಾನೂ ಬಿಚ್ಚಿ ನೋಡಲ್ಲ. ತೋರಿಸ್ಬೇಕು ಅನ್ಸಿದೋರು ಬಂದು ಅವರದನ್ನ ಅವರೇ ತಗೊಳ್ಳಿ."

ನಾಲ್ಕು ವಾರದಲ್ಲಿ ಹನ್ನೊಂದು ಮಂದಿ ಬಂದು ತೆಗೆದುಕೊಂಡರು. ಶಿರೀಷಾ ಬರಲಿಲ್ಲ. ರಂಜನಿ ಕೇಳಲಿಲ್ಲ.

ಸ್ಕೂಲ್ ಡೇಗೆ ಎರಡು ದಿನವಿರುವಾಗ ಅವಳು ಎಲ್ಲ ಹಾಳೆಗಳನ್ನೂ ಮನೆಗೆ ತಂದು ನಡುಮನೆಯಲ್ಲಿ ಹರಡಿದಳು. ತಾಯಿ ವೆಂಕಟಲಕ್ಷ್ಮಮ್ಮ ಕನ್ನಡಕ ಹಾಕಿಕೊಂಡು ಬಂದರು. ಮೂವತ್ತಾರು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು. ಒಂದೊಂದನ್ನೇ ನೋಡುತ್ತ ಬಂದು, ಕೊನೆಗೆ ಕಾಫಿಯ ಲೋಟ ಕೆಳಗಿಟ್ಟರು.

"ಚೆನ್ನಾಗಿಲ್ಲ ಕಣೇ."

"ಹೂಂ. ಚೆನ್ನಾಗಿಲ್ಲ."

"ಮತ್ತೆ ಇದನ್ನ ನೇತಾಕ್ತೀಯಾ? ಆ ಮೋಹನ್‌ಬಾಬು ಸುಮ್ನಿರ್ತಾನಾ?"

"ಸುಮ್ನಿರಲ್ಲ."

"ಊರೋರ ಮುಂದೆ ಮರ್ಯಾದೆ ಕಳ್ಕೊಳ್ತೀಯ."

"ಹನ್ನೊಂದು ವರ್ಷ ಇಟ್ಕೊಂಡಿದ್ದು ಮರ್ಯಾದೆ ಏನಮ್ಮ ಅದು? ಎರಡನೇ ಕ್ಲಾಸಿನ ಮಗೂದು ಕಿತ್ಕೊಂಡು ಇಟ್ಕೊಂಡಿದ್ದೆ."

ವೆಂಕಟಲಕ್ಷ್ಮಮ್ಮ ಬಗ್ಗಿ ಅನ್ವಿತಾಳ ಹಾಳೆಯನ್ನು ಎತ್ತಿಕೊಂಡು, "ಹೊಟ್ಟೆ ಒಳಗೆ ಇನ್ನೊಂದು ತಲೆ ಇದೆಯಲ್ಲ," ಎಂದರು. ಅದು ಯಾರೆಂದು ರಂಜನಿ ಹೇಳಿದಳು. ಅವರು ಆ ಹಾಳೆಯನ್ನು ಇಟ್ಟಲ್ಲೇ ಇಡದೆ ಎಲ್ಲಕ್ಕಿಂತ ಮೇಲೆ ಇಟ್ಟು ಒಳಗೆ ಹೋದರು.

ಶುಕ್ರವಾರ ಸಂಜೆ ಮೊಗಸಾಲೆಯ ಉದ್ದಕ್ಕೂ ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ, ರಂಜನಿ ಎಲ್ಲವನ್ನೂ ತೂಗುಹಾಕಿದಳು. ಒಂಬತ್ತನೇ ತರಗತಿಯ ದಾರದಲ್ಲಿ ಹನ್ನೊಂದು ಕೈಗಳಿದ್ದವು, ಉಳಿದ ಕ್ಲಿಪ್ಪುಗಳು ಖಾಲಿ ಇದ್ದವು. ಹಾಗೇ ಬಿಟ್ಟಳು.

ಶನಿವಾರ ಎಂಟು ಗಂಟೆಗೆ ಮೆಟ್ಟಿಲು ಹತ್ತಿ ಬಂದಾಗ ಮೊದಲು ಕಂಡದ್ದು ನವಿಲು. ಒಂದರ ಪಕ್ಕ ಒಂದು, ಬಣ್ಣವಿಲ್ಲದ ಪೆನ್ಸಿಲಿನ ನವಿಲುಗಳು, ಕೊನೆಯದಕ್ಕೆ ಜುಟ್ಟಿರಲಿಲ್ಲ. ಪ್ರತಿಯೊಂದರ ಕೆಳಗೂ ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ಮಗುವಿನ ಹೆಸರು ಅಂಟಿಸಿತ್ತು. ಅಟೆಂಡರ್ ಮುನಿಗಂಗಪ್ಪ ಸ್ಟೂಲಿನ ಮೇಲೆ ನಿಂತು ಕೊನೆಯ ಚೀಟಿಯನ್ನು ಅಂಗೈಯಲ್ಲಿ ಒತ್ತುತ್ತಿದ್ದ.

"ಸೆಕ್ರೆಟರಿ ಸಾರು ರಾತ್ರಿ ಬಂದು ನೋಡಿದ್ರು ಮಿಸ್," ಎಂದ ಅವನು, ಇಳಿಯುತ್ತ. "ಹಿಂದ್ಗಡೆ ಇಷ್ಟು ಚೆನ್ನಾಗಿದೆಯಲ್ಲ, ತಿರುವಾಕು ಅಂದ್ರು."

ಮೋಹನ್‌ಬಾಬು ಬಿಳೀ ಶರಟಿನ ತೋಳು ಮಡಚುತ್ತ ಆ ತುದಿಯಿಂದ ಬರುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಅಪ್ಪನ ಹೊಲದ ಮೇಲೆ ಈ ಶಾಲೆ ಕಟ್ಟಿದವರು. ಮಕ್ಕಳ ಬಸ್ಸು ಕೆಟ್ಟರೆ ತಾವೇ ಜೀಪಿನಲ್ಲಿ ಹಳ್ಳಿ ಹಳ್ಳಿಗೆ ಬಿಟ್ಟುಬರುವವರು.

"ಬನ್ನಿ ಮೇಡಂ. ನಂಗೆ ಅರ್ಥವಾಗ್ಲಿಲ್ಲ. ಅಷ್ಟು ಚೆನ್ನಾಗಿ ಬರ್ದು ಅದನ್ನ ಹಿಂದ್ಗಡೆ ಮಾಡಿದ್ದೀರಲ್ಲ."

"ಮುಂದೆ ಇದ್ದಿದ್ದು ಮಕ್ಕಳು ಬರ್ದಿದ್ದು ಸಾರ್."

"ಅದೇ ಹೇಳ್ತಿರೋದು. ನೋಡಿ, ನಾನೂ ಹಳ್ಳಿಯೋನೇ. ನಮ್ಮ ಜನ ಹೊಟ್ಟೆ ಬಟ್ಟೆ ಕಟ್ಟಿ ಇಲ್ಲಿಗೆ ಕಳಿಸ್ತಾರೆ. ನಮ್ಮ ಮಗು ಏನೋ ಕಲ್ತಿದೆ ಅಂತ ಅವರ ಕಣ್ಣಿಗೆ ಕಾಣ್ಬೇಕು. ಕಾಗೆ ಕಾಲು ಗುಬ್ಬಿ ಕಾಲು ತೋರಿಸಿದ್ರೆ ಏನಂತಾರೆ? ಇನ್ನೆರಡು ತಿಂಗಳಿಗೆ ಅಡ್ಮಿಷನ್ನು."

"ಈ ನವಿಲು ನಂದು ಸಾರ್. ನನ್ನ ಹೆಸರು ಅಂಟಿಸಿ ನೇತಾಕಿ, ನಾನು ಬೇಡ ಅನ್ನಲ್ಲ. ಮಕ್ಕಳ ಹೆಸರು ತೆಗೀರಿ."

"ಹನ್ನೊಂದು ವರ್ಷ ಇಲ್ಲದ್ದು ಈಗೇನು ಮೇಡಂ?"

"ಹನ್ನೊಂದು ವರ್ಷ ಸುಳ್ಳು ಹೇಳ್ದೆ. ಸಾಕಾಯ್ತು."

ಮೋಹನ್‌ಬಾಬು ಗಡಿಯಾರ ನೋಡಿಕೊಂಡರು. "ಹತ್ತು ಗಂಟೆಗೆ ಗೆಸ್ಟು ಬರ್ತಾರೆ. ಇದನ್ನ ಯಾರೂ ಮುಟ್ಟೋದು ಬೇಡ," ಎಂದು, ಸಿಟ್ಟನ್ನು ಮುಖದಲ್ಲಿ ತೋರಿಸದೆ, ಶಾಮಿಯಾನದ ಕಡೆ ಇಳಿದುಹೋದರು.

ರಂಜನಿ ಸ್ಟೂಲನ್ನು ಮೊದಲ ನವಿಲಿನ ಕೆಳಗೆ ಎಳೆದುಕೊಂಡಳು. ಮುನಿಗಂಗಪ್ಪ ಅವಳನ್ನೂ ಮೆಟ್ಟಿಲನ್ನೂ ಒಂದೊಂದು ಸಲ ನೋಡಿ, "ನಾನು ನೀರು ಕುಡ್ಯೋಕೆ ಹೋಗಿದ್ದೆ ಮಿಸ್," ಎಂದು ಹೇಳಿ ನಿಜವಾಗಿಯೂ ಹೋದ.

ಅವಳು ಕ್ಲಿಪ್ಪು ತೆಗೆದು, ಚೀಟಿ ಕಿತ್ತು, ಹಾಳೆ ತಿರುಗಿಸಿ ಮತ್ತೆ ಕ್ಲಿಪ್ಪು ಹಾಕಿದಳು. ಒಂದು. ಎರಡು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಐದನೆಯದಕ್ಕೆ ಬರುವಷ್ಟರಲ್ಲಿ ಆ ತುದಿಯಲ್ಲಿ ಬೆಂಚು ಎಳೆದ ಸದ್ದಾಯಿತು. ನಾಟಕದ ವೇಷದಲ್ಲಿದ್ದ ಶಿರೀಷಾ, ಮುಖಕ್ಕೆಲ್ಲ ಪೌಡರು ಬಳಿದುಕೊಂಡು, ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಅವಳು ಆ ಕಡೆಯಿಂದ ತಿರುಗಿಸತೊಡಗಿದಳು. ನಡುವೆ ಸಂಧಿಸಿದಾಗ ಉಳಿದದ್ದು ಒಂದೇ ಹಾಳೆ. ಶಿರೀಷಾ ಅದನ್ನು ತಿರುಗಿಸಿ, ಚೀಟಿಯನ್ನು ಉಂಡೆ ಮಾಡಿ ಲಂಗದ ಜೇಬಿಗೆ ಹಾಕಿಕೊಂಡು, "ನಂಗೆ ಸ್ಟೇಜಿಗೆ ಟೈಮಾಯ್ತು ಮಿಸ್," ಎಂದು ಓಡಿದಳು.

ಹತ್ತೂವರೆಗೆ ಜನ ಮೇಲೆ ಬಂದರು. ಬಂದವರು ಹೋದ ವರ್ಷದ ಹಾಗೆ ಹೋ ಎನ್ನಲಿಲ್ಲ. ತಮ್ಮ ಮಗುವಿನ ಹೆಸರು ಹುಡುಕಿ, ಚಿತ್ರ ನೋಡಿ, ಪಕ್ಕದ ಚಿತ್ರ ನೋಡಿ, ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಕೆಲವರು ನಕ್ಕರು. ಎಲೆಕ್ಟ್ರಿಕಲ್ ಅಂಗಡಿಯ ಕೆಂಪರಾಜು ಮೊಬೈಲು ಹಿಡಿದುಕೊಂಡು ನೇರವಾಗಿ ರಂಜನಿಯ ಹತ್ತಿರ ಬಂದರು.

"ಇದೇನು ಮಿಸ್ ಹಿಂಗೆ? ನೋಡಿ, ಹೋದ ವರ್ಷ ನನ್ನ ಮಗ ಬರ್ದಿದ್ದು." ಮೊಬೈಲಿನಲ್ಲಿ ಆನೆಯ ಪಕ್ಕ ಹುಡುಗ ನಿಂತಿದ್ದ. "ಈ ವರ್ಷ ಹಿಂಗ್ಯಾಕೆ? ಮುಂದಕ್ಕೆ ಹೋಗ್ಬೇಕೋ ಹಿಂದಕ್ಕೆ ಹೋಗ್ಬೇಕೋ?"

ಸುತ್ತಲಿದ್ದವರು ತಿರುಗಿ ನೋಡಿದರು. ಮೋಹನ್‌ಬಾಬು ಅತಿಥಿಯ ಜೊತೆ ಆಗಷ್ಟೇ ಮೆಟ್ಟಿಲ ತಲೆಗೆ ಬಂದು ನಿಂತಿದ್ದನ್ನು ರಂಜನಿ ನೋಡಿದಳು. ಏನಾದರೂ ಒಳ್ಳೆಯ ಮಾತು ಹೇಳಿ ಸಾಗಹಾಕಬಹುದಿತ್ತು.

"ಹೋದ ವರ್ಷದ್ದು ನಾನು ಬರ್ದಿದ್ದು ಸಾರ್," ಎಂದಳು. "ಅದರ ಹಿಂದಿನ ವರ್ಷದ್ದೂ ನಾನೇ. ಈ ಬೆಟ್ಟ ಮಾತ್ರ ನಿಮ್ಮ ಮಗ ಬರ್ದಿದ್ದು. ಎಡಗಡೆ ಬಂಡೆ ನೋಡಿ, ಅದನ್ನ ಸರಿ ಮಾಡೋಕೆ ಎರಡು ವಾರ ತಗೊಂಡಿದಾನೆ. ಹಾಳೆ ಹರ್ಕೊಂಡು, ಅತ್ತು, ಮತ್ತೆ ಬರ್ದಿದಾನೆ."

ಕೆಂಪರಾಜು ಚಿತ್ರದ ಕಡೆ ತಿರುಗಿದರು. ಅವರ ಮಗ ಅಚ್ಯುತ್ ಕಂಬದ ಹಿಂದೆ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದ. ಅವರು ಬಂಡೆಯನ್ನು ನೋಡಿದರೋ ಇಲ್ಲವೋ, ಮೊಬೈಲನ್ನು ಜೇಬಿಗೆ ಹಾಕಿಕೊಂಡು, "ನಮ್ಗೆ ಇದೆಲ್ಲ ಮೊದ್ಲೇ ಹೇಳ್ಬೇಕಾಗಿತ್ತು," ಎಂದು ಬಿಗಿಯಾಗಿ ಹೇಳಿ ಸೆಕ್ರೆಟರಿಯ ಕಡೆ ನಡೆದರು. ಅವರ ಹಿಂದೆ ಇನ್ನೂ ಮೂವರು ನಡೆದರು.

ಆ ಗದ್ದಲದಲ್ಲೇ ಪಂಚೆಯುಟ್ಟ ಒಬ್ಬ ಮುದುಕರು ಮೊಮ್ಮಗಳ ಕೈ ಹಿಡಿದು ಒಂದನೇ ತರಗತಿಯ ದಾರದ ಕೆಳಗೆ ನಿಂತಿದ್ದರು. ಅನ್ವಿತಾಳ ತಾತ ವೆಂಕಟರಾಮಪ್ಪ.

"ಇದ್ಯಾರಮ್ಮ?"

"ನೀನೇ ತಾತ."

ಅವರು ಬಹಳ ಹೊತ್ತು ಕತ್ತೆತ್ತಿ ನೋಡಿದರು. "ನಾ ಚೇತುಲು ಇಂತ ಪೆದ್ದವಾ," ಎಂದು ತಮ್ಮಷ್ಟಕ್ಕೆ ತೆಲುಗಿನಲ್ಲಿ ಕೇಳಿಕೊಂಡು, ಕೈ ಇಷ್ಟು ದೊಡ್ಡವೇ ಎಂಬಂತೆ ಎರಡೂ ಅಂಗೈಗಳನ್ನು ಮುಂದೆ ಹಿಡಿದು ತಿರುಗಿಸಿ ನೋಡಿಕೊಂಡರು. ಆಮೇಲೆ ರಂಜನಿಯ ಕಡೆ ತಿರುಗಿ, ಹೊಗಳದೆ, ತೆಗಳದೆ, "ಇದನ್ನ ಮನೆಗೆ ಕೊಡ್ತೀರಾಮ್ಮ?" ಎಂದರು.

"ಅವಳನ್ನ ಕೇಳಿ. ಅದು ಅವಳದು."

ಅನ್ವಿತಾ ಯೋಚಿಸಿ, "ಇನ್ನೂ ಟೊಮ್ಯಾಟೊ ಹಾಕೋದಿದೆ," ಎಂದಳು.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಒಂದು ಪತ್ರ ಅವಳಿಗಾಗಿ ಕಾದಿತ್ತು. ಆಡಳಿತದ ಸೂಚನೆಯನ್ನು ಮೀರಿದ್ದಕ್ಕೂ, ಪೋಷಕರ ಮುಂದೆ ಶಾಲೆಯ ಹೆಸರಿಗೆ ಧಕ್ಕೆ ತಂದದ್ದಕ್ಕೂ ಲಿಖಿತ ವಿವರಣೆ ಕೊಡಬೇಕು, ವಿಷಾದ ಸೂಚಿಸಬೇಕು ಎಂದಿತ್ತು. ರಂಜನಿ ಮೋಹನ್‌ಬಾಬು ಅವರ ಎದುರಿಗೇ ಕೂತು ಹಾಳೆಯ ನಡುವೆ ಒಂದು ಸಾಲು ಬರೆದಳು. 'ಮಕ್ಕಳ ಹೆಸರಿನಲ್ಲಿದ್ದ ಚಿತ್ರಗಳನ್ನು ಈ ವರ್ಷ ಮಕ್ಕಳೇ ಬರೆದಿದ್ದಾರೆ.' ಕೆಳಗೆ ಸಹಿ ಹಾಕಿ ಮುಂದಕ್ಕೆ ತಳ್ಳಿದಳು.

ಅವರು ಓದಿ, ಹಾಳೆಯ ಹಿಂದೇನಾದರೂ ಇದೆಯೇ ಎಂದು ಮಗುಚಿ ನೋಡಿದರು.

"ಅಷ್ಟೇನಾ ಮೇಡಂ?"

"ಅಷ್ಟೇ ಸಾರ್."

"ವಿಷಾದ?"

"ಇದೆ. ಅದನ್ನ ಹೇಳ್ಬೇಕಾದೋರಿಗೆ ಹೇಳಿದೀನಿ."

ಮೋಹನ್‌ಬಾಬು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು. "ನಿಮ್ಮ ಮೇಲೆ ನಂಗೆ ಗೌರವ ಇದೆ. ಆದ್ರೆ ಜೂನ್‌ನಿಂದ ಬರೋದು ಬೇಡ. ಬೇರೆಯೋರನ್ನ ನೋಡ್ಕೊಳ್ತೀವಿ."

ಇಂಥದ್ದು ಬರುತ್ತದೆಂದು ಗೊತ್ತಿದ್ದರೂ, ಬಂದಾಗ ಬೇರೆಯೇ. ಕುರ್ಚಿಯ ಕೈ ಹಿಡಿದುಕೊಂಡೇ ಎದ್ದಳು.

"ಮಾರ್ಚ್‌ವರೆಗೂ ಪೀರಿಯಡ್ಡು ನಂದೇ ತಾನೇ ಸಾರ್?"

"ಮಾರ್ಚ್‌ವರೆಗೂ ನಿಮ್ದೇ."

"ಸರಿ ಹಾಗಾದ್ರೆ. ಈಗ ನಾಲ್ಕನೇ ಕ್ಲಾಸಿದೆ, ಹೋಗ್ತೀನಿ."

ಸಂಜೆ ಮನೆಯಲ್ಲಿ ವಿಷಯ ಕೇಳಿದ ವೆಂಕಟಲಕ್ಷ್ಮಮ್ಮ ಬೈಯುತ್ತಾರೆಂದುಕೊಂಡರೆ, ಕಡಲೆಕಾಯಿ ಬಿಡಿಸುತ್ತಲೇ, "ಜೂನ್‌ನಿಂದ ಏನ್ ಮಾಡ್ತೀಯ?" ಎಂದರು. "ಗೊತ್ತಿಲ್ಲಮ್ಮ," ಎಂದಳು ರಂಜನಿ. "ನಮ್ಮ ಹಿತ್ತಲಲ್ಲಿ ಇಪ್ಪತ್ತು ಮಕ್ಕಳು ಕೂರಬಹುದು. ಹಲಸಿನ ಮರದ ಕೆಳಗೆ ಕಸ ತೆಗೆಸ್ಬೇಕು," ಎಂದು ಅವರು ಸಿಪ್ಪೆಯ ಮೊರ ಎತ್ತಿಕೊಂಡು ಹೋದರು.

ಮಾರ್ಚ್ ಮುಗಿಯಲು ಇನ್ನು ಮೂರು ಶನಿವಾರ ಉಳಿದಿದ್ದಾಗ ಒಂದನೇ ತರಗತಿಯ ಮಿಸ್ಸು ರಜೆ ಹಾಕಿದರು. ಇಪ್ಪತ್ತಮೂರು ಮಕ್ಕಳನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಮುನಿಗಂಗಪ್ಪ ಅವರನ್ನು ಸಾಲಾಗಿ ನಡೆಸಿಕೊಂಡು ಬಂದು ರಂಜನಿಯ ಹತ್ತಿರ ಬಿಟ್ಟ. ಆಗ ಒಂಬತ್ತನೇ ತರಗತಿಯ ಪೀರಿಯಡ್ಡು. ರಂಜನಿ ಎಲ್ಲರನ್ನೂ ಹೊರಗಿನ ಅಗಲವಾದ ಮೆಟ್ಟಿಲುಗಳ ಮೇಲೆ ಕರೆತಂದಳು.

"ದೊಡ್ಡೋರೆಲ್ಲ ಒಬ್ಬೊಬ್ಬ ಚಿಕ್ಕೋರನ್ನ ನೋಡ್ಕೊಂಡು ಬರೀರಿ," ಎಂದಳು. "ಚಿಕ್ಕೋರು ಕೂತ್ಕೊಂಡಿರ್ಬೇಕು."

ಚಿಕ್ಕವರು ಕೂರಲಿಲ್ಲ. ಬರೆಸಿಕೊಳ್ಳಲು ಕೂತವರು ಎರಡು ನಿಮಿಷಕ್ಕೆ ಎದ್ದು ಇನ್ನೊಬ್ಬರದು ನೋಡಲು ಓಡಿದರು, ನೀರು ಕುಡಿಯಲು ಓಡಿದರು. ದೊಡ್ಡವರ ಹಾಳೆಗಳಲ್ಲಿ ಒಂದು ಕಿವಿ, ಅರ್ಧ ಜಡೆ, ಬಿಚ್ಚಿದ ಶೂ ದಾರ, ಇಷ್ಟಿಷ್ಟೇ ಸಿಕ್ಕಿತ್ತು. "ಮಿಸ್, ಹಿಡ್ಕೊಡಿ ಇವನ್ನ," ಎಂದು ಕೂಗಾಡಿದರು, ನಕ್ಕರು, ಹಾಳೆಗೆ ಮೊಣಕೈ ಅಡ್ಡ ಇಡುವುದನ್ನು ಮರೆತರು. ರಂಜನಿ ತಾನೂ ಒಂದು ಹಲಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದುರಿಗಿದ್ದ ಹುಡುಗನ ಮೂಗು ಬರೆಯಲು ಹೋಗಿ ಎರಡು ಸಲ ತಪ್ಪಿತ್ತು. ನೋಡಿ ಬರೆಯುವುದನ್ನು ಅವಳೂ ಬಿಟ್ಟು ಬಹಳ ಕಾಲವಾಗಿತ್ತು. ಅಳಿಸದೆ ಮೂರನೆಯ ಸಲ ಗೆರೆ ಎಳೆದಳು.

ಮೂರು ಮೆಟ್ಟಿಲು ಕೆಳಗೆ ಶಿರೀಷಾ ತಲೆ ಬಗ್ಗಿಸಿ ಕೂತಿದ್ದಳು. ಅವಳ ಹಾಳೆಯಲ್ಲಿ ಮೆಟ್ಟಿಲಿನ ಅಂಚಿನಿಂದ ಇಳಿಬಿದ್ದ ಎರಡು ಪುಟ್ಟ ಕಾಲುಗಳಿದ್ದವು, ನೆಲಕ್ಕೆ ತಾಗದ ಕಾಲುಗಳು, ಒಂದರ ಕಾಲ್ಚೀಲ ಜಾರಿತ್ತು. ಮಂಡಿ, ಲಂಗದ ನೆರಿಗೆ, ಮಡಿಲಲ್ಲಿ ಇಟ್ಟ ಒಂದು ಕೈ. ಅಲ್ಲಿಗೆ ನಿಂತಿತ್ತು.

ಅನ್ವಿತಾ ಎಲ್ಲಿಂದಲೋ ಓಡಿಬಂದು ಹಾಳೆಯ ಮೇಲೆ ಬಗ್ಗಿದಳು.

"ಅಕ್ಕ, ನನ್ನ ತಲೆ ಎಲ್ಲಿ?"

"ನೀನು ಓಡ್ಹೋದೆ ಕಣೇ. ತಲೇನೂ ತಗೊಂಡ್ಹೋದೆ."

"ಕೊಡಿಲ್ಲಿ. ನಾನೇ ಬರೀತೀನಿ."

ಶಿರೀಷಾ ಒಂದು ಕ್ಷಣ ಪೆನ್ಸಿಲನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಕೊಟ್ಟಳು. ಅನ್ವಿತಾ ಮಂಡಿಯೂರಿ, ನಾಲಿಗೆ ಕಚ್ಚಿ, ಲಂಗದ ನೆರಿಗೆಯ ಮೇಲಿನಿಂದ ಒಂದು ಗುಂಡನೆಯ ಗೆರೆ ಎಳೆಯತೊಡಗಿದಳು. ತಲೆ ದೊಡ್ಡದಾಗುತ್ತ ಹೋಯಿತು. ಭುಜಕ್ಕಿಂತ ದೊಡ್ಡದಾಗಿ, ಮೆಟ್ಟಿಲಿಗಿಂತ ದೊಡ್ಡದಾಗಿ, ಹಾಳೆಯ ಮೇಲಂಚಿಗೆ ಬಂದು ಮುಟ್ಟಿತು. ಅವಳ ಕೈ ನಿಂತಿತು.

ಶಿರೀಷಾ ಪಕ್ಕದಲ್ಲಿದ್ದ ಇನ್ನೊಂದು ಹಾಳೆಯನ್ನು ತೆಗೆದು, ಮೇಲಂಚಿಗೆ ಸರಿಯಾಗಿ ಜೋಡಿಸಿ, ಗಾಳಿಗೆ ಹಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದಳು.